ವಾರ್ಡಿನ ಗೋಡೆಯ ತಾಯಿ ಮಗು

ಚಿರಂಜೀವಿ ತಮ್ಮನಿಗೆ ಆಸ್ಪತ್ರೆಯಿಂದ ಅಕ್ಕನ ಆಶೀರ್ವಾದ.

ಕೂಸನ್ನು ಮಣ್ಣು ಮಾಡಿ ನೀನು ಊರಿಗೆ ಹೊರಟ ಮೇಲೆ ಮಗಳನ್ನು ಬೇರೆ ವಾರ್ಡಿಗೆ ಹಾಕಿದ್ದಾರೆ. ಹಾಸಿಗೆಯ ಎದುರಿಗೇ ಒಂದು ದೊಡ್ಡ ಚಿತ್ರವಿದೆ. ತಾಯಿಯೊಬ್ಬಳು ಹಸುಗೂಸನ್ನು ಕೆನ್ನೆಗೊತ್ತಿಕೊಂಡು ಕಣ್ಣು ಮುಚ್ಚಿದ್ದಾಳೆ. ಅದನ್ನು ತೆಗೆಸೆಂದು ಆಯಾಳಿಗೆ ಹೇಳಿದೆ. "ಗೋಡೆ ಮೇಲೇ ಬರ್ದಿರೋದು ಮೇಡಂ, ಗೋಡೆ ಒಡೆಸ್ತೀರಾ?" ಎಂದಳು.

ಮಗಳು ನಾಲ್ಕು ದಿನಗಳಿಂದ ತುಟಿ ಬಿಚ್ಚಿರಲಿಲ್ಲ. ಅವಳ ಮನಸ್ಸನ್ನು ತಿರುಗಿಸಲೆಂದು, ಮೂವತ್ತು ವರ್ಷ ತರಗತಿಯಲ್ಲಿ ಮಾಡಿದಂತೆ, ಚಿತ್ರದ ತಪ್ಪುಗಳನ್ನು ಎತ್ತಿ ತೋರಿಸತೊಡಗಿದೆ. ಮೊಣಕೈ ಉದ್ದವಾಯಿತು, ಕೂಸಿನ ಕತ್ತಿಗೆ ಆಸರೆಯಿಲ್ಲ, ಹಾಗೆ ಯಾರೂ ಎತ್ತಿಕೊಳ್ಳುವುದಿಲ್ಲ ಎಂದೆ.

"ಹೇಗೆ ಎತ್ಕೋತಾರೆ ಅಂತ ನಂಗೇನಮ್ಮ ಗೊತ್ತು? ನೀನು ಕೈಗೆ ಕೊಡಿಸ್ಲೇ ಇಲ್ವಲ್ಲ" ಎಂದಳು. ನನ್ನ ಕಡೆ ತಿರುಗಿ, "ಯಾರ ಥರ ಇತ್ತು?" ಎಂದು ಕೇಳಿದಳು.

ಮುಖ ಕಂಡರೆ ಮರೆಯುವುದು ಕಷ್ಟವೆಂದು, ಅವಳಿಗೆ ತೋರಿಸಕೂಡದೆಂದು ದಾದಿಗೆ ಕಟ್ಟಪ್ಪಣೆ ಮಾಡಿದವಳು ನಾನೇ. ಬಟ್ಟೆ ಸರಿಸಿ ನಾನೂ ನೋಡಲಿಲ್ಲ. ಆ ಪ್ರಶ್ನೆ ಕೇಳಿದ ಮೇಲೆ ಅವಳು ಗೋಡೆಯಿಂದ ಕಣ್ಣು ಕಿತ್ತಿಲ್ಲ.

ಜ್ವರ ಇಳಿದಿದೆ. ಹೊಲಿಗೆಯನ್ನು ಶುಕ್ರವಾರ ಬಿಚ್ಚುತ್ತಾರೆ. ಊಟ ಮಾತ್ರ ಮುಟ್ಟುತ್ತಿಲ್ಲ. ಕೆಳಗಿನ ಡಬ್ಬಿಯ ಅಂಚೆ ಹನ್ನೊಂದಕ್ಕೆ ಹೋಗುತ್ತದೆ, ಮುಗಿಸುತ್ತೇನೆ.

ಕೂಸನ್ನು ಕೈಯಲ್ಲಿ ಎತ್ತಿಕೊಂಡು ಹೋದವನು ನೀನೊಬ್ಬನೇ. ಮುಖ ನೋಡಿದ್ದರೆ, ಯಾರ ಹೋಲಿಕೆಯಿತ್ತೆಂದು ಅವಳ ಹೆಸರಿಗೇ ಕೂಡಲೇ ಬರೆ. ನೋಡಿರದಿದ್ದರೂ ಬರೆ.

ನಿನ್ನ ಅಕ್ಕ