ಎಲೆ ಹಳದಿಯಾಗುವವರೆಗೆ

ವೀಬೆ,

ನಿನ್ನೆ ರಾತ್ರಿ ಮುಂದಿನ ಅಂಗಳದಲ್ಲಿ ಕತ್ತರಿಯ ಸಣ್ಣ ಸದ್ದು ಕೇಳಿ ಎಚ್ಚರವಾಯಿತು. ನೀನು ಹಾಸಿಗೆಯಲ್ಲಿರಲಿಲ್ಲ. ಅಮ್ಮ ತೀರಿಕೊಳ್ಳುವ ಮುನ್ನ ಕೊಟ್ಟ ಟ್ಯುಲಿಪ್ ಗೆಡ್ಡೆಗಳ ಕಥೆ ಮುಗಿಯಿತು ಅಂದುಕೊಂಡು ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ.

ಹೂ ಮುಗಿದು ಜೋತುಬಿದ್ದ ಎಲೆಗಳನ್ನು ನೋಡಿ ಪಕ್ಕದ ಮನೆಯ ಫೆನ್ನಾ "ಏನ್ರೀ ಇದು, ಮನೆ ಮುಂದೆ ಒಣಹುಲ್ಲು ಪೇರಿಸಿಟ್ಟಿದ್ದೀರಾ?" ಅಂದಾಗಿನಿಂದ ನಿನಗೆ ನಾಚಿಕೆ, ಗೊತ್ತು. ಆದರೂ ಕೇಳು. ಬಾಡಿದ ಹೂವಿನ ತಲೆಯನ್ನು ಮಾತ್ರ ಚಿವುಟು. ಎಲೆ ಹಸಿರಾಗಿರುವಷ್ಟು ದಿನವೂ ಗೆಡ್ಡೆಗೆ ಊಟ ಹಾಕುತ್ತಿರುತ್ತದೆ. ಈಗಲೇ ಕತ್ತರಿಸಿದರೆ ಬರುವ ವರ್ಷ ಹೂವಿಲ್ಲ. ಅದು ಪೂರ್ತಿ ಹಳದಿಯಾಗಿ, ಮೆಲ್ಲಗೆ ಎಳೆದರೆ ತಾನೇ ಕೈಗೆ ಬರಬೇಕು. ಆಮೇಲೆ ಗೆಡ್ಡೆ ಅಗೆದು ಶೆಡ್ಡಿನಲ್ಲಿ ಒಣಗಿಸೋಣ.

ಬೆಳಿಗ್ಗೆ ಹೋಗಿ ನೋಡಿದೆ. ನಮ್ಮ ಎಲೆಗಳೆಲ್ಲ ಹಾಗೇ ಇವೆ. ಎರಡು ಅಂಗಳಗಳ ನಡುವೆ ಬೇಲಿಯಿಲ್ಲವಲ್ಲ, ಕತ್ತಲಲ್ಲಿ ನೀನು ನುಣ್ಣಗೆ ಬೋಳಿಸಿರುವುದು ಫೆನ್ನಾಳ ಇನ್ನೂ ನೆಟ್ಟಗಿದ್ದ ಟ್ಯುಲಿಪ್ ಸಾಲನ್ನು.

"ಮೊಲದ ಕಾಟ ಕಣ್ರೀ, ಒಂದು ಎಲೆ ಉಳಿಸಿಲ್ಲ!" ಎಂದು ಆಕೆ ಬೀದಿಗೆಲ್ಲ ಸಾರುತ್ತಿದ್ದಾಳೆ. ನಾನು ಗಂಭೀರವಾಗಿ ತಲೆಯಾಡಿಸಿ ಬಂದೆ.

ನೀನು ಮರುಕಪಟ್ಟು ಆಕೆಗೆ ಮೊಲ ತಡೆಯುವ ಬಲೆ ಕಟ್ಟಿಕೊಡಲು ಹೋಗಬೇಡ. ನಾನಂತೂ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಮಾರೈಕೆ