ಫೆಬ್ರವರಿ ಮೂವತ್ತರ ಮದುಮಗ

ಫೆಬ್ರವರಿ 30, 2346
ಸಮುದಾಯ ಭವನ, ಗುಡ್ಡದಕೇರಿ

ಪೂಜ್ಯ ಮಂದಾಕಿನಿಯವರಿಗೆ ಹಾಲೇಶನ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ, ಅದು ನಿಮ್ಮದೇ ಕೊಡುಗೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಲಗ್ನಪತ್ರಿಕೆಗಳಿಂದ ಕಲಿತವನು. ನಮ್ಮ ಭವನದ ವೆಬ್‌ಸೈಟಿಗೆಂದು ನೀವು ಈಗ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಫ್ರೇಮ್‌ವರ್ಕಿನಲ್ಲಿ ಒಂದು ಪುಟ್ಟ ಬುಕಿಂಗ್ ಪ್ಲಗಿನ್, ಅಂದರೆ ಭವನ ಕಾದಿರಿಸುವ ಸಲಕರಣೆ, ಬರೆಯುತ್ತಿದ್ದೀರಿ. ಅದು ಮುನ್ನೂರು ವರ್ಷಗಳಿಂದ ಒಂದು ದಿನವೂ ಕೆಡದೆ ನಡೆದಿದೆ. ಕೆಟ್ಟಿದ್ದರೆ ನನ್ನ ಮದುವೆಗೆ ದಾರಿಯಾಗುತ್ತಿತ್ತು.

ನಡೆದದ್ದು ಇಷ್ಟು. ಪ್ಲಗಿನ್ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ನೀವು ಒಂದು ಸುಳ್ಳು ಮದುವೆಯನ್ನು ಬುಕ್ ಮಾಡಿದಿರಿ. ವರ: ಅಅಅ. ವಧು: ಟೆಸ್ಟ್. ಊಟಕ್ಕೆ ಇನ್ನೂರು ಜನ. ದಿನ: ಫೆಬ್ರವರಿ ಮೂವತ್ತು, ಪ್ರತಿ ವರ್ಷ. ಅಂಥ ದಿನ ಇದೆಯೇ ಎಂದು ಪ್ಲಗಿನ್ ಕೇಳಲಿಲ್ಲ. ನೀವು ಅದಕ್ಕೆ ಕೇಳಲು ಕಲಿಸಿರಲೂ ಇಲ್ಲ. ಬುಕಿಂಗ್ ಅಳಿಸುವ ಭಾಗದಲ್ಲಿ ನಿಮ್ಮ ಕೈಯ ಒಂದೇ ಸಾಲು ಇದೆ: ‘ಇದನ್ನು ನಾಳೆ ಬರೆದರಾಯಿತು.’ ಪೈಥಾನ್ ಬಲ್ಲವರು ಈಗ ಯಾರೂ ಉಳಿದಿಲ್ಲ, ಹಾಗಾಗಿ ಆ ನಾಳೆ ಇನ್ನೂ ಬಂದಿಲ್ಲ.

ಒಪ್ಪಿಕೊಂಡ ಮದುವೆಯನ್ನು ತಪ್ಪಿಸುವ ಜನ ನಾವಲ್ಲ. ದಿನವಿಲ್ಲವೆಂದು ಮಾರ್ಚ್ ಒಂದರ ಹೆಸರನ್ನೇ ಬದಲಿಸಿಕೊಂಡೆವು. ಇಪ್ಪತ್ತೊಂಬತ್ತು ನಮ್ಮಲ್ಲಿ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ, ಮೂವತ್ತು ಮಾತ್ರ ವರ್ಷ ವರ್ಷವೂ. ಅಂದು ಚಪ್ಪರ ಹಾಕಿ, ಖಾಲಿ ಮಣೆಗಳೆರಡಕ್ಕೂ ಹಾರ ಹಾಕಿ, ಇನ್ನೂರು ಜನ ಪಂಕ್ತಿಯಲ್ಲಿ ಕೂರುತ್ತೇವೆ. ಬಡಿಸುಗ ಬಡಿಸುತ್ತದೆ. ಬಡಿಸುಗ ಎಂದರೆ ಎಲೆಯ ಮೇಲೆ ತೂಗಾಡುವ ಯಂತ್ರದ ಕೈ. ಸಾಕು ಎಂದರೆ ಅದಕ್ಕೂ ಕೇಳಿಸುವುದಿಲ್ಲ. ಮುದುಕಿಯರು ವರನ ಗುಣಗಾನ ಮಾಡುತ್ತಾರೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾವನ ಮನೆಯಲ್ಲಿ ಮುನಿಸಿಕೊಂಡವನಲ್ಲವಂತೆ.

ನನಗೂ ಪಾರಿಜಾತಳಿಗೂ ಬರುವ ವರ್ಷ ಕೂಡಿಬಂದಿರುವ ಮುಹೂರ್ತ ಆ ಒಂದೇ ದಿನ. ತಪ್ಪಿದರೆ ಅವಳು ಗುರುಗ್ರಹದ ಕಡೆ ಕೆಲಸಕ್ಕೆ ಹೊರಡುತ್ತಾಳೆ, ಮರಳುವುದು ಒಂಬತ್ತು ವರ್ಷಕ್ಕೆ. ಅಷ್ಟು ವರ್ಷ ನಾನು ಕಾಯಲಾರೆ. ಭವನ ಕೊಡಿ ಎಂದು ಅವಳ ಅಜ್ಜಿಯನ್ನು ಬೇಡಿದೆ. ಭವನದ ಅಧ್ಯಕ್ಷೆ ಅವರೇ. “ಮೊದ್ಲು ಬುಕ್ ಮಾಡಿದೋರು ಅವ್ರು ಕಣಪ್ಪ. ಬಂದ್ಬಿಟ್ರೆ ನಾನು ಯಾವ ಮುಖ ತೋರಿಸ್ಲಿ?” ಎಂದರು.

ನಿಮ್ಮ ಪ್ಲಗಿನ್ ಯಾವ ತಾರೀಖನ್ನೂ ಬೇಡವೆನ್ನುವುದಿಲ್ಲವಲ್ಲ, ಅದಕ್ಕೇ ನಿಮ್ಮ ಕಾಲದ ತಾರೀಖಿಗೆ ಒಂದು ಬುಕಿಂಗ್ ಮಾಡಿ ಈ ಪತ್ರವನ್ನು ಅದರಲ್ಲೇ ಕಳಿಸುತ್ತಿದ್ದೇನೆ. ಆ ಮದುವೆಯನ್ನು ಅಳಿಸಿಬಿಡಿ ಎಂದು ಬರೆಯಲೆಂದೇ ಕೂತೆ. ಬರೆಯುವಾಗ ನೆನಪಾಯಿತು, ಪಾರಿಜಾತಳನ್ನು ನಾನು ಮೊದಲು ಕಂಡದ್ದು ಇದೇ ಊಟದಲ್ಲಿ. ನನ್ನ ಎಲೆಗೆ ಐದನೆಯ ಸಲ ಪಾಯಸ ಸುರಿಯುತ್ತಿದ್ದ ಬಡಿಸುಗವನ್ನು ಹಿಡಿದು ನಿಲ್ಲಿಸಿದವಳು ಅವಳು. ಮದುವೆ ಅಳಿಸಿದರೆ ಊಟವಿಲ್ಲ, ಊಟವಿಲ್ಲದಿದ್ದರೆ ಅವಳಿಲ್ಲ.

ದಯವಿಟ್ಟು ಅಳಿಸಬೇಡಿ. ಹೆಸರುಗಳನ್ನಷ್ಟೇ ತಿದ್ದಿ: ವರ ಹಾಲೇಶ, ವಧು ಪಾರಿಜಾತ. ಮುನ್ನೂರು ವರ್ಷ ಊರೆಲ್ಲ ನಮ್ಮ ಮದುವೆಯೂಟ ಉಂಡುಕೊಂಡಿರಲಿ, ನನಗೆ ಬೇಸರವಿಲ್ಲ. ಬರುವ ವರ್ಷ ನಾವಿಬ್ಬರೂ ಬಾಗಿಲಲ್ಲಿ ನಿಂತಾಗ ಅಜ್ಜಿ, “ಇಷ್ಟು ತಡ ಮಾಡೋದಾ?” ಎಂದು ಬೈದು ಒಳಗೆ ಕರೆದರೆ ಸಾಕು.

ಇತಿ, ಇನ್ನೂ ಮದುವೆಯಾಗದ
ಹಾಲೇಶ