ಬೆನ್ನಿಗೆ ತಿಳಿಯದ ಹೊಲಿಗೆ

ಮಂಗಳವಾರ, ಹನ್ನೊಂದನೇ ತಾರೀಕು

ಚಿರಂಜೀವಿ ಗಿಣಿಗೆ,

ನಿನ್ನ ಅಕ್ಕ ಮನಸಾರೆ ಹರಸಿ ಬರೆಯುವ ಕಾಗದ. ಹೇಗಿದ್ದೀಯ? ಗಂಟಲು ಸರಿಹೋಯಿತೆ? ಊರೂರು ಸುತ್ತಿ ಮಾತಾಡುವವನಿಗೆ ಗಂಟಲೇ ಬಂಡವಾಳ, ಬಿಸಿನೀರು ಕುಡಿಯುವುದನ್ನು ಬಿಡಬೇಡ. ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿ ಇಳಿದು ಮಾಡಬೇಡ ಎಂದು ನಾನು ಹೇಳಿದೆ ಅನ್ನು. ನೀನು ಹೇಳಿದರೆ ಅವಳು ಕೇಳುವುದಿಲ್ಲ. ನಿನ್ನ ಮಗಳು ಗುಬ್ಬಿಯ ಕೆಮ್ಮು ನಿಂತಿತೆ? ಅವಳ ಮಗ ಗುಂಡ ಬಿದ್ದ ಹಾಲುಹಲ್ಲನ್ನು ನುಂಗಿಬಿಟ್ಟನಂತೆ, ಹೆದರಬೇಡಿ. ನೀನೂ ಆ ವಯಸ್ಸಿನಲ್ಲಿ ಒಂದು ನುಂಗಿದ್ದೆ. ಆಮೇಲೆ ಮಾತು ಸ್ವಲ್ಪ ಜಾಸ್ತಿಯಾಯಿತು, ಅಷ್ಟೆ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದೆ, ಎರಡು ಸಲವೂ ಹರಿದು ಹಾಕಿದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು. ಎರಡನೆಯದರಲ್ಲಿ ಒಂದೂ ಇರಲಿಲ್ಲ, ಅದು ಸುಳ್ಳು ಕಾಗದ ಅನ್ನಿಸಿತು. ಇದು ಮೂರನೆಯದು. ನಿನ್ನ ಹಳೇ ಪಾಠದ ಪುಸ್ತಕಗಳಲ್ಲೇ ಅಕ್ಷರ ಕಲಿತವಳು ನಾನು, ಎಲ್ಲಾದರೂ ಒತ್ತು ದೀರ್ಘ ತಪ್ಪಿದ್ದರೆ ತಿದ್ದಿಕೊಂಡು ಓದು. ಅಕ್ಷರ ಮಾತ್ರ ತಿದ್ದು, ವಿಷಯ ತಿದ್ದಬೇಡ.

ಮೂವತ್ತನೇ ತಾರೀಕು ದೊಡ್ಡ ಸಭಾಂಗಣದಲ್ಲಿ ನಿನ್ನ ಪುಸ್ತಕದ ಬಿಡುಗಡೆ, ಮುಖಪುಟದ ಮೇಲೆ ನನ್ನ ಫೋಟೋ, ನಾನು ವೇದಿಕೆ ಮೇಲೆ ಕೂರಬೇಕು ಎಂದು ಬರೆದಿದ್ದೀಯ. 'ನೀನೇನೂ ಮಾತಾಡಬೇಕಾಗಿಲ್ಲ ಅಕ್ಕ, ಸುಮ್ನೆ ಕೂತು ಒಂಚೂರು ನಕ್ಕರೆ ಸಾಕು' ಅಂದಿದ್ದೀಯ. ಸುಳ್ಳು ಯಾಕೆ ಹೇಳಲಿ, ಓದಿದಾಗ ಖುಷಿಯೇ ಆಯಿತು. ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಇಸ್ತ್ರಿ ಕೂಡ ಮಾಡಿಟ್ಟೆ. ನೀನು ಏನು ಮಾತಾಡುತ್ತೀಯೆಂದು ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಗಿಣಿ ನಾಲ್ಕು ಜನಕ್ಕೆ ಒಳ್ಳೆಯ ಮಾತು ಹೇಳುತ್ತಾನೆ, ಬದುಕಿಗೆ ಅರ್ಥ ಹುಡುಕಿಕೊಡುತ್ತಾನೆ ಎಂದಷ್ಟೇ ತಿಳಿದಿದ್ದೆ.

ಆ ಖುಷಿಯಲ್ಲೇ ನಮ್ಮ ಹೊಲಿಗೆ ಕೋಣೆಗೆ ಹೋದೆ, ಅವರಿಗೂ ಹೇಳೋಣ ಅಂತ. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಕಾಲು ಆ ಕಡೆ ತಾನೇ ಹೋಗುತ್ತದೆ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಕುದಿಸುವ ಮನೆಗೆ ಅಂಟಿಕೊಂಡ ಕೋಣೆ ಅದು. ಮೂರು ಮೆಷಿನ್, ಬಟ್ಟೆ ಕತ್ತರಿಸುವ ಒಂದು ಉದ್ದನೆ ಮೇಜು, ಗೋಡೆಯನ್ನೇ ನೋಡುವ ಒಂದು ಕಿಟಕಿ. ಈಗ ಅಲ್ಲಿ ಇಬ್ಬರಿದ್ದಾರೆ. ಒಬ್ಬಳು ಕನ್ನಡಕದವಳು, ನನ್ನ ಕೈಕೆಳಗೆ ಕಲಿತವಳು. ಇನ್ನೊಬ್ಬಳಿಗೆ ನಾವೇ ಇಟ್ಟ ಹೆಸರು ಬಾಯಿಬಡುಕಿ. ಒಳಗೆ ಕಾಲಿಟ್ಟರೆ ಕತ್ತಲೆ. ಎರಡು ಟ್ಯೂಬ್‌ಲೈಟಿನಲ್ಲಿ ಒಂದು ಸತ್ತಿದೆ, ಇನ್ನೊಂದು ಕಣ್ಣು ಮಿಟುಕಿಸುತ್ತಿದೆ. ಕನ್ನಡಕದವಳು ಬಟ್ಟೆಯನ್ನು ಮೂಗಿಗೆ ತಾಗಿಸಿಕೊಂಡು ಹೆಬ್ಬೆರಳಲ್ಲಿ ಅಂಚು ಹುಡುಕುತ್ತಿದ್ದಳು.

"ಇದೇನ್ರೇ, ಲೈಟ್ ಹಾಕ್ಸಿಲ್ವಾ?" ಅಂದೆ.

ಕನ್ನಡಕದವಳು ತಲೆ ಎತ್ತಲಿಲ್ಲ. ಬಾಯಿಬಡುಕಿ ಅಂದಳು, "ನಮ್ಗ್ಯಾಕಕ್ಕ ಲೈಟು? ನಿಮ್ಮ ಹಂಗೆ ಒಳಗೇ ದೀಪ ಹಚ್ಕೊಳ್ಳೋದು ಕಲೀತಿದೀವಿ."

"ಏನೇ ಅದು ಹಂಗಂದ್ರೆ?"

"ನಿಮ್ಮ ತಮ್ಮನೋರ ಭಾಷಣ ಅಕ್ಕ. ಹೊಸಾ ಮೇಲ್ವಿಚಾರಕರು ನಮ್ಮನ್ನೆಲ್ಲ ಕೂರ್ಸಿ ತೋರ್ಸಿದ್ರು. ಲೈಟ್ ಕೇಳಿ ಅರ್ಜಿ ಕೊಟ್ವಲ್ಲ, ಅದರ ಮಾರನೇ ದಿನವೇ."

ಅವಳೇ ತನ್ನ ಫೋನಿನಲ್ಲಿ ಹಾಕಿ ಕೊಟ್ಟಳು. ಕತ್ತರಿಸುವ ಮೇಜಿನ ತುದಿಯಲ್ಲಿ ಕೂತು ನೋಡಿದೆ ಗಿಣಿ. ಬಿಳೀ ಬಟ್ಟೆ, ಹಿಂದೆ ದೊಡ್ಡ ಪರದೆ, ಮುಂದೆ ಎಷ್ಟು ಜನ! ಮೊದಲು ಹೆಮ್ಮೆಯಾಯಿತು. ಆಮೇಲೆ ನೀನು ಹೇಳಿದೆ: 'ಪ್ರತಿಯೊಬ್ಬರಿಗೂ ಒಳಗಿನಿಂದ ಒಂದು ಕರೆ ಬರುತ್ತದೆ. ನನ್ನ ಅಕ್ಕ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಹರಿದ ಬೆಡ್‌ಶೀಟು ಹೊಲಿದಳು. ಮೊದಲ ದಿನವೇ ಅವಳಿಗೆ ಆ ಕರೆ ಕೇಳಿಸಿತು. ಹೊಲಿಗೆಯ ಒಂದೊಂದು ಟಾಕಿಗೂ ಒಂದೊಂದು ಸಲ ದೇವರ ಹೆಸರು. ಏನನ್ನೂ ಬೇಡಲಿಲ್ಲ, ದೀಪವನ್ನೂ ಬೇಡಲಿಲ್ಲ. ಅವಳೊಳಗೇ ದೀಪವಿತ್ತು.' ಜನ ಚಪ್ಪಾಳೆ ಹೊಡೆದರು. ನೀನು ಕಣ್ಣೊರೆಸಿಕೊಂಡೆ. ಆಮೇಲೆ ಅಮ್ಮನ ಬಗ್ಗೆ ಒಂದು ಮಾತು ಹೇಳಿದೆ. ಅಷ್ಟು ಕೇಳಿ ನಾನು ಫೋನು ಅವಳ ಕೈಗೆ ಕೊಟ್ಟು ಎದ್ದೆ.

ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದರೆ ಆ ಮೇಲ್ವಿಚಾರಕ ಎದುರಿಗೇ ಸಿಕ್ಕ. ಕೈ ಮುಗಿದ. "ನಿಮ್ಮಂಥೋರು ಈಗ ಎಲ್ಲಮ್ಮ ಸಿಗ್ತಾರೆ? ಈಗಿನೋರಿಗೆ ಲೈಟು ಬೇಕು, ಬೆನ್ನು ಆನಿಸೋ ಕುರ್ಚಿ ಬೇಕು. ಆಯಮ್ಮನ ಒಳಗೇ ದೀಪ ಇತ್ತಂತೆ, ನಿಮ್ಮೊಳಗಿಲ್ವಾ ಅಂತ ಕೇಳ್ದೆ. ಬಾಯಿ ಮುಚ್ಕೊಂಡ್ರು ನೋಡಿ" ಅಂದ, ದೊಡ್ಡ ಜೋಕು ಹೇಳಿದವನ ಹಾಗೆ. ಮನೆಗೆ ಬಂದ ಮೇಲೆ ಗೋಡೆಗೆ ಚೆನ್ನಾಗಿ ಉತ್ತರ ಕೊಟ್ಟೆ. ಏನು ಪ್ರಯೋಜನ?

ಅಲ್ಲ ಗಿಣಿ, ನಾಲಿಗೆಗೆ ಎಲುಬಿಲ್ಲ ಅಂತ ಹೀಗೆಲ್ಲ ಹೊರಳಿಸುವುದೇ? ಒಂದೊಂದು ಟಾಕಿಗೆ ದೇವರ ಹೆಸರು ಹೇಳುತ್ತ ಕೂತಿದ್ದರೆ ಸೂಜಿ ಬೆರಳಿನೊಳಗೆ ಇರುತ್ತಿತ್ತು. ನಾವು ಆ ಕೋಣೆಯಲ್ಲಿ ಹೇಳುತ್ತಿದ್ದದ್ದು ಗಂಡಂದಿರ ಹೆಸರು, ಅದೂ ಬೈಯೋದಕ್ಕೆ. ಮೊದಲ ದಿನವೇ ಕರೆ ಕೇಳಿಸಿತಂತೆ! ಮೊದಲ ದಿನ ನನಗೆ ಕೇಳಿಸಿದ್ದು ಬಾಯ್ಲರಿನ ಸದ್ದು. ಎಂಟು ವರ್ಷ ನನಗೆ ಆ ಕೆಲಸ ಕಂಡರಾಗುತ್ತಿರಲಿಲ್ಲ. ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದೆ. ನೀನು ಹೇಳುವ ಆ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ಅವಳಿಗೆ ಹಸಿವಿಲ್ಲ, ಸೊಂಟನೋವಿಲ್ಲ, ಸಿಟ್ಟಿಲ್ಲ. ಅಂಥವಳು ಪಕ್ಕದ ಮೆಷಿನ್ನಿನಲ್ಲಿ ಕೂತಿದ್ದರೆ ನಾನೇ ಜಗಳ ತೆಗೆಯುತ್ತಿದ್ದೆ.

ಇಷ್ಟಕ್ಕೆ ನಿಲ್ಲಿಸುತ್ತೇನೆ. ಸಿಟ್ಟಿಗೆ ಅಕ್ಷರ ಸೊಟ್ಟಗಾಗುತ್ತಿದೆ.

ಬುಧವಾರ, ಬೆಳಿಗ್ಗೆ

ಕಾಫಿ ಕುಡಿದು ಕೂತಿದ್ದೇನೆ. ಸಿಟ್ಟು ಹೋಗಿಲ್ಲ, ಅಕ್ಷರ ಮಾತ್ರ ನೆಟ್ಟಗಾಗಿದೆ.

ನನ್ನ ಕೆಲಸ ಏನೆಂದು ಇಷ್ಟು ವರ್ಷದಲ್ಲಿ ನೀನು ಒಂದು ಸಲವೂ ಕೇಳಲಿಲ್ಲ. ಈಗ ಕೇಳದೆಯೇ ಹೇಳುತ್ತೇನೆ. ಬೆಡ್‌ಶೀಟು ಮೊದಲು ಸವೆಯುವುದು ನಡುವೆ, ಮೈ ಒತ್ತುವ ಕಡೆ. ಎರಡು ಪಕ್ಕದ ಅಂಚು ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ನಾವು ಅದನ್ನು ಉದ್ದಕ್ಕೆ ನಡುಮಧ್ಯೆ ಸೀಳುತ್ತೇವೆ, ಸವೆದ ಭಾಗ ಹೊರ ಅಂಚಿಗೆ ಹೋಗುವ ಹಾಗೆ ತಿರುಗಿಸಿ, ಗಟ್ಟಿ ಅಂಚುಗಳೆರಡನ್ನೂ ನಡುವೆ ತಂದು ಜೋಡಿಸುತ್ತೇವೆ. ಇನ್ನೆರಡು ವರ್ಷ ಬಾಳುತ್ತದೆ. ಆದರೆ ಜೋಡಿಸಿದ ಹೊಲಿಗೆ ಸರಿಯಾಗಿ ಬೆನ್ನುಮೂಳೆಯ ಕೆಳಗೇ ಬರುತ್ತದೆ. ಕುದಿಸಿದರೂ ಬಿಚ್ಚದಿರಲಿ ಎಂದು ಮೊದಲು ನಾವು ಅಂಚನ್ನು ಮಡಿಸಿ, ಮತ್ತೆ ಮಡಿಸಿ, ಹಗ್ಗದ ಹಾಗೆ ದಪ್ಪಗೆ ಹೊಲಿಯುತ್ತಿದ್ದೆವು. ಎಂಟು ವರ್ಷ ಹಾಗೇ ಹೊಲಿದೆ. ನನ್ನ ಹೊಲಿಗೆ ಬಿಚ್ಚಿತು ಅಂತ ಒಂದು ದೂರು ಬರಲಿಲ್ಲ.

ಎಂಟು ವರ್ಷದ ಮೇಲೆ ಅದನ್ನು ಬಿಟ್ಟೆ. ಮಡಿಸುವುದೇ ಬೇಡ, ನೇಯ್ಗೆಯ ಅಂಚು ಹೇಗೂ ಬಿಚ್ಚುವುದಿಲ್ಲವಲ್ಲ, ಒಂದರ ಮೇಲೊಂದನ್ನು ಬೆರಳಗಲ ಚಪ್ಪಟೆಯಾಗಿ ಇಟ್ಟು ಎರಡೂ ಕಡೆ ಸಣ್ಣ ಟಾಕು ಹಾಕಲು ಶುರುಮಾಡಿದೆ. ಒಂದು ಕೂದಲೆಳೆ ಆಚೀಚೆಯಾದರೆ ಸುಕ್ಕು ಬೀಳುತ್ತದೆ, ಅದಕ್ಕೇ ಬೆಳಕು ಬೇಕು. ಮುಗಿದ ಮೇಲೆ ಅದನ್ನು ಮೇಜಿನ ಮೇಲೆ ಹಾಸಿ ನಾನೇ ಮಲಗುತ್ತಿದ್ದೆ. ಕಣ್ಣು ಮುಚ್ಚಿ, ಹೊಲಿಗೆ ಎಲ್ಲಿದೆಯೆಂದು ಬೆನ್ನಿನಿಂದ ಹುಡುಕುತ್ತಿದ್ದೆ. ಸಿಕ್ಕಿತೋ, ಬಿಚ್ಚು. ಸಿಗಲಿಲ್ಲವೋ, ವಾರ್ಡಿಗೆ ಹೋಗಲಿ. "ಅಕ್ಕಂಗೆ ಹಗಲು ನಿದ್ದೆ ಹೊತ್ತಾಯ್ತು ಕಣ್ರೇ" ಎಂದು ಉಳಿದವರು ನಗುತ್ತಿದ್ದರು. ನಗಲಿ ಬಿಡು.

ದೀಪ ಬೇಡಲಿಲ್ಲವಂತೆ! ಬೇಡಲಿಲ್ಲ ನಿಜ, ಜಗಳ ಮಾಡಿ ತಂದೆ. ಹಳೇ ಹೊಲಿಗೆಯದೊಂದು, ಹೊಸ ಹೊಲಿಗೆಯದೊಂದು, ಎರಡು ಬೆಡ್‌ಶೀಟು ಹಿಡಿದು, ಆಗಿನ್ನೂ ಕನ್ನಡಕ ಬಾರದ ಕನ್ನಡಕದವಳನ್ನೂ ಕರೆದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದೆ.

"ಸಾರ್, ಇದರ ಮೇಲೆ ಎರಡು ನಿಮಿಷ, ಅದರ ಮೇಲೆ ಎರಡು ನಿಮಿಷ ಮಲಗಿ."

"ಏನಮ್ಮ, ತಲೆ ಸರಿ ಇದೆಯಾ? ನಂಗೆ ಕೆಲಸ ಇದೆ."

"ನಿಮಗಿದೆ ಸಾರ್. ನಿಮ್ಮ ರೋಗಿಗಳಿಗಿಲ್ಲ, ಅವರು ಮಲಗೇ ಇರ್ತಾರೆ."

ಕನ್ನಡಕದವಳು ಹೆದರಿ ನನ್ನ ಸೆರಗು ಜಗ್ಗುತ್ತಿದ್ದಳು. ಪುಣ್ಯಾತ್ಮ ನಕ್ಕುಬಿಟ್ಟರು. ಕೋಟು ತೆಗೆದಿಟ್ಟು, ರೋಗಿ ನೋಡುವ ಮಂಚದ ಮೇಲೆ ಎರಡನ್ನೂ ಒಂದಾದ ಮೇಲೊಂದು ಹಾಸಿಸಿ ಮಲಗಿದರು. ಮೊದಲನೆಯದರಿಂದ ಒಂದು ನಿಮಿಷಕ್ಕೇ ಎದ್ದರು. ಎರಡನೆಯದರ ಮೇಲೆ ಏಳಲಿಲ್ಲ. "ಇದ್ರಲ್ಲಿ ಹೊಲಿಗೆ ಎಲ್ಲಿದೆ?" ಅಂದರು. ಸಿಗದ ಹಾಗೆ ಹೊಲಿಯೋಕೆ ಬೆಳಕು ಬೇಕು ಸಾರ್ ಅಂದೆ. ಮುಂದಿನ ಸೋಮವಾರ ಎರಡು ಟ್ಯೂಬ್‌ಲೈಟು ಬಂತು. ಈಗ ಒಂದು ಸತ್ತು, ಒಂದು ಮಿಟುಕುತ್ತಿರುವುದು ಅದೇ ಜಾಗದಲ್ಲಿ.

ಆಗಿಂದ ಆ ಕೆಲಸ ನನ್ನದಾಯಿತು. ನೀನು ಕರೆ ಅನ್ನು, ದೇವರು ಅನ್ನು, ನನಗೆ ಅದರ ಹೆಸರು ಗೊತ್ತಿಲ್ಲ. ನನಗೆ ಗೊತ್ತಿರುವುದಿಷ್ಟು: ಮೇಲಿನ ವಾರ್ಡಿನಲ್ಲಿ ನಾನು ಕಾಣದ ಯಾರೋ ಮಲಗಿದ್ದಾರೆ, ಅವರ ಬೆನ್ನಿಗೆ ನಾನು ಇದ್ದೇನೆಂಬುದೇ ತಿಳಿಯಬಾರದು. ಬಾಗಿಲು ಬಡಿಯದೆ ಬಂದು ನೀರಿಟ್ಟು ಹೋದ ಹಾಗೆ. ಇದಕ್ಕಿಂತ ದೊಡ್ಡ ಪೂಜೆ ನನಗೆ ಬರುವುದಿಲ್ಲ. ಆದರೆ ಇದಕ್ಕೆ ಬೆಳಕು ಬೇಕು ಗಿಣಿ, ನೆಟ್ಟಗೆ ಕೂರಲು ಕುರ್ಚಿ ಬೇಕು, ಹರಿತವಾದ ಕತ್ತರಿ ಬೇಕು. ನೀನು ಅದನ್ನೆಲ್ಲ ಕಿತ್ತುಕೊಂಡು, ನನ್ನನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದಿದ್ದೀಯ. ನಾನು ಹೇಗೋ ಅಟ್ಟದ ಮೇಲೆ ಇದ್ದುಬಿಡುತ್ತೇನೆ. ಕೆಳಗೆ ಕತ್ತಲೆಯಲ್ಲಿ ಕೂತ ಅವರಿಬ್ಬರ ಕಥೆಯೇನು? ಅವರು ಹೊಲಿದದ್ದರ ಮೇಲೆ ಮಲಗುವವರ ಕಥೆಯೇನು?

ಕಾಗದ ಮುಗಿಸುವ ಮೊದಲು ಖಂಡಿತವಾಗಿ ಹೇಳುತ್ತೇನೆ. ಆ ಮೇಲ್ವಿಚಾರಕನಿಗೆ ನಿನ್ನ ಕೈಯಾರೆ ಬರೆ: ನನ್ನ ಅಕ್ಕ ದೀಪಕ್ಕಾಗಿ ಜಗಳವಾಡಿದವಳು, ನಾನು ವಿಚಾರಿಸದೆ ಮಾತಾಡಿದೆ ಎಂದು. ಅವನು ನಿನ್ನ ಭಕ್ತ, ನಿನ್ನ ಮಾತಿಗೆ ಲೈಟು ಹಾಕಿಸುತ್ತಾನೆ. ಮೂವತ್ತನೇ ತಾರೀಕು ನಾನು ಬರಬೇಕಾದರೆ ಕನ್ನಡಕದವಳೂ ಬಾಯಿಬಡುಕಿಯೂ ನನ್ನ ಜೊತೆ ವೇದಿಕೆ ಮೇಲೆ ಕೂರುತ್ತಾರೆ, ಮಾತಾಡುವವಳು ನಾನು. ನೀನು ಸುಮ್ಮನೆ ಕೂತು ಒಂಚೂರು ನಕ್ಕರೆ ಸಾಕು. ಇದಕ್ಕೆ ಒಪ್ಪದಿದ್ದರೆ ನನ್ನ ಫೋಟೋ ತೆಗೆದುಹಾಕು, ಅಲ್ಲಿ ಒಂದು ದೀಪದ ಚಿತ್ರ ಹಾಕಿಕೋ.

ಬೈದೆ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎತ್ತಿ ಆಡಿಸಿದ ಕೈಗೆ ಕಿವಿ ಹಿಂಡುವ ಹಕ್ಕೂ ಇರುತ್ತದೆ. ನಿನಗೂ ನಿನ್ನ ಮನೆಯವರಿಗೂ ಆಯಸ್ಸು ಆರೋಗ್ಯ ತುಂಬಿರಲಿ, ಗುಂಡನಿಗೆ ಗಟ್ಟಿ ಹಲ್ಲು ಬರಲಿ. ನಿನ್ನ ಮಾತಿನಿಂದ ನಾಲ್ಕು ಜನಕ್ಕೆ ನಿಜವಾಗಿಯೂ ಒಳ್ಳೆಯದಾಗಲಿ.

ಇಂತಿ ನಿನ್ನ ಹಿತ ಬಯಸುವ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಭಾಷಣದಲ್ಲಿ ಅಮ್ಮನ ಬಗ್ಗೆ ಹೇಳಿದೆಯಲ್ಲ, 'ನಮ್ಮಮ್ಮ ನನ್ನ ಅಕ್ಕ ಹೊಲಿದ ಹಾಸಿನ ಮೇಲೆ, ಹೂವಿನ ಮೇಲೆ ಮಲಗಿದ ಹಾಗೆ ಮಲಗಿ ಹೋದಳು' ಎಂದು. ಆ ಮಾತನ್ನು ಇನ್ನೆಲ್ಲೂ ಆಡಬೇಡ. ನೀನು ಬಂದದ್ದು ಕೊನೆಯ ದಿನ, ಮುಖ ಮಾತ್ರ ನೋಡಿದೆ. ಅಮ್ಮ ಆ ವಾರ್ಡಿನಲ್ಲಿ ಇಪ್ಪತ್ತೆರಡು ದಿನ ಇದ್ದಳು, ನಾನು ಕೆಲಸಕ್ಕೆ ಸೇರಿದ ಎಂಟನೇ ವರ್ಷ. ಅಮ್ಮನಿಗೆ ಅಂತ ರಾಶಿಯಲ್ಲಿ ಹುಡುಕಿ, ನಾನೇ ಹೊಲಿದ, ಎಲ್ಲಕ್ಕಿಂತ ಗಟ್ಟಿಯಾದ ಬೆಡ್‌ಶೀಟು ಆರಿಸಿ ಹಾಸಿದೆ. ಅವಳಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಆಡುತ್ತಿದ್ದ ಒಂದು ಕೈಯಿಂದ ಹಾಸನ್ನು ಹಿಡಿದು ಹಿಡಿದು ಎಳೆಯುತ್ತಿದ್ದಳು. ಸುಕ್ಕಾಗಿದೆ, ಸರಿಮಾಡು ಅನ್ನುತ್ತಿದ್ದಾಳೆ ಎಂದುಕೊಂಡು ನಾನು ಇನ್ನಷ್ಟು ಬಿಗಿಯಾಗಿ ಎಳೆದು ಕಟ್ಟುತ್ತಿದ್ದೆ. ಒಂಬತ್ತನೇ ದಿನ ನರ್ಸಮ್ಮ ಮಗ್ಗುಲು ಹೊರಳಿಸಿ ನನ್ನನ್ನು ಕೂಗಿದಳು. ಕುತ್ತಿಗೆಯಿಂದ ಸೊಂಟದವರೆಗೆ ಕೆಂಪಗೆ ಒಂದು ಗೆರೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಎರಡು ದಿನದಲ್ಲಿ ಅದು ಒಡೆಯಿತು. ಉಳಿದ ದಿನ ಅವಳು ನರಳಿದ್ದು ಅದಕ್ಕೆ. ನನ್ನ ಹೊಲಿಗೆ ಬಿಚ್ಚಿತು ಅಂತ ದೂರು ಬಂದಿರಲಿಲ್ಲ, ನೋಡು.

ನನ್ನನ್ನು ಕರೆದದ್ದು ಆ ಗೆರೆ, ಗಿಣಿ. ಇದನ್ನು ಯಾರಿಗೂ ಹೇಳಿಲ್ಲ. ಓದಿದ ಮೇಲೆ ನನ್ನ ಮೇಲೆ ನಿನಗೆ ಏನನ್ನಿಸಿತೋ ಅದನ್ನೇ ಬರೆ. ಬೇಗ ಬರೆ. ಫೋನು ಮಾಡಬೇಡ, ಫೋನಿನಲ್ಲಿ ನೀನು ತುಂಬ ಚೆನ್ನಾಗಿ ಮಾತಾಡಿಬಿಡುತ್ತೀಯ.